ದಲ್ಲಾಳಿ ಹೆಂಗಸು ಕೇಳಿದ ಪ್ರಶ್ನೆ

“ಗುರುಗಳೇ, ಒಳ್ಳೆಯ ದಲ್ಲಾಳಿಯನ್ನು ಗುರುತಿಸುವುದು ಹೇಗೆ?”

ಕೇಳಿದವನು ಪಂಚಾಕ್ಷರಯ್ಯ. ಬಸ್ ಡಿಪೋದಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಪ್ರತಿ ಸೋಮವಾರ ತಪ್ಪದೆ ಮಠಕ್ಕೆ ಬರುತ್ತಿದ್ದ, ನಮಸ್ಕಾರ ಮಾಡುತ್ತಿದ್ದ, ಒಂದು ಗಂಟೆ ಕುಳಿತು ಎದ್ದು ಹೋಗುತ್ತಿದ್ದ.

ಗುರುಗಳು ಅವನನ್ನೇ ನೋಡಿದರು.

“ಇಪ್ಪತ್ತು ವರ್ಷದಿಂದ ಬರುತ್ತಿದ್ದೀಯೆ. ದೇವರು ಇದ್ದಾನೋ ಇಲ್ಲವೋ ಎಂದು ಒಂದು ದಿನವೂ ಕೇಳಲಿಲ್ಲ. ಇವತ್ತು ಬಾಯಿ ಬಿಟ್ಟೆ, ದಲ್ಲಾಳಿ ಎಂದೆ. ಇರಲಿ, ಏನು ವಿಷಯ?”

“ಪಟ್ಟಣದ ಆಚೆ ಹಿರಿಯರ ಬಡಾವಣೆ ಆಗಿದೆ. ಅರವತ್ತು ದಾಟಿದವರಿಗೆ ಮಾತ್ರ ಅಲ್ಲಿ ಮನೆ. ನಾವಿಬ್ಬರೂ ಅಲ್ಲಿಗೆ ಹೋಗಿ ಇದ್ದುಬಿಡೋಣ ಎಂದು ತೀರ್ಮಾನ ಮಾಡಿದ್ದೇನೆ. ಐದು ಜನ ದಲ್ಲಾಳಿಗಳು ದಿನವೂ ಫೋನ್ ಮಾಡುತ್ತಾರೆ. ಐವರೂ ನನ್ನನ್ನು ಅಣ್ಣ ಎನ್ನುತ್ತಾರೆ. ಯಾರನ್ನು ನಂಬಲಿ, ತಿಳಿಯುತ್ತಿಲ್ಲ.”

“ಒಂದೇ ತಿಂಗಳಲ್ಲಿ ಐವರು ತಮ್ಮಂದಿರು ಹುಟ್ಟಿಕೊಂಡರೇ? ನಿನ್ನ ತಾಯಿ ಇದ್ದಿದ್ದರೆ ಗಾಬರಿಯಾಗುತ್ತಿದ್ದಳು” ಎಂದರು ಗುರುಗಳು. ಆಮೇಲೆ ಕಾಲು ಮಡಚಿ ಸರಿಯಾಗಿ ಕುಳಿತರು. “ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ.”

ಒಂದೂರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕಂಚು, ಹಿತ್ತಾಳೆ, ಸ್ಟೀಲು, ಎಲ್ಲವನ್ನೂ ಮಾರುತ್ತಿದ್ದ. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಬಿರುಕು ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಅವನ ಕಣ್ಣಿಗೆ ಮಣ್ಣೆರಚಿದವರು ಆ ಪೇಟೆಯಲ್ಲಿ ಯಾರೂ ಇರಲಿಲ್ಲ. ವಯಸ್ಸಾಯಿತು. ಅಂಗಡಿಯನ್ನು ಮಾರಿದ. ಹಿರಿಯರ ಬಡಾವಣೆಯಲ್ಲಿ ಒಂದು ಮನೆ ತೆಗೆದುಕೊಂಡು ಹೆಂಡತಿಯ ಜೊತೆ ನೆಮ್ಮದಿಯಾಗಿರಬೇಕು ಎಂದು ಹೊರಟ.

ಅವರದು ಶುಭ ಅಶುಭ ನೋಡುವ ಮನೆ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುತ್ತಿರಲಿಲ್ಲ, ಹೆಚ್ಚಿತು ಎನ್ನುತ್ತಿದ್ದರು. ಬಳೆ ಒಡೆದರೂ ಹೆಚ್ಚಿತು ಎಂದೇ ಹೇಳಬೇಕು. ಯಾರಾದರೂ ಬಾಯಿ ತಪ್ಪಿ ಕೆಟ್ಟ ಮಾತು ಆಡಿದರೆ ತಕ್ಷಣ ‘ಬಿಡ್ತು ಅನ್ನು’ ಎನ್ನಬೇಕು, ಆಡಿದವರು ‘ಬಿಡ್ತು’ ಎನ್ನಬೇಕು, ಅಲ್ಲಿಗೆ ಆ ಮಾತು ಮುಗಿಯಬೇಕು. ನಗಬೇಡ, ನಿಮ್ಮ ಮನೆಯಲ್ಲೂ ಇದೇ. ನಮ್ಮ ಮಠದ ಅಡುಗೆಮನೆಯಲ್ಲೂ ಇದೇ. ಪದ್ಧತಿಯಲ್ಲಿ ತಪ್ಪೇನೂ ಇಲ್ಲ.

ಮೊದಲು ಸಿಕ್ಕಿದ್ದು ಒಬ್ಬ ದಲ್ಲಾಳಿ ಹೆಂಗಸು. ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಒಂದು ಶುಕ್ರವಾರ ಬೆಳಿಗ್ಗೆ, ರಾಹುಕಾಲ ಬರುವುದಕ್ಕೆ ಮೊದಲೇ, ಗಂಡ ಹೆಂಡತಿಯನ್ನು ಬಡಾವಣೆಗೆ ಕರೆದುಕೊಂಡು ಹೋದಳು. ಮನೆ ತೋರಿಸಿದಳು. ವ್ಯಾಪಾರಿ ಗೋಡೆ ತಟ್ಟಿದ, ಬಾಗಿಲು ತಟ್ಟಿದ, ನಲ್ಲಿ ತಿರುಗಿಸಿದ. ಅವಳು ಸುಮ್ಮನೆ ನಿಂತಿದ್ದಳು. ಎಲ್ಲ ಆದ ಮೇಲೆ, “ಊಟದ ಮನೆ ಇಲ್ಲಿಂದ ದೂರ, ದಾರಿಯಲ್ಲಿ ನೆರಳಿಲ್ಲ, ಒಮ್ಮೆ ನಡೆದು ನೋಡಿ” ಎಂದಳು. “ಅಕ್ಕಪಕ್ಕದವರನ್ನು ಮಾತಾಡಿಸಿ, ನಾನು ಬರುವುದಿಲ್ಲ, ನಾನಿದ್ದರೆ ಅವರು ನಿಜ ಹೇಳುವುದಿಲ್ಲ” ಎಂದಳು. ವ್ಯಾಪಾರಿಗೆ ಅವಳ ಮೇಲೆ ಗೌರವ ಬಂತು. ಇಂಥವಳು ಅಂಗಡಿಯಲ್ಲಿ ಇದ್ದಿದ್ದರೆ ಎಂದೂ ಅಂದುಕೊಂಡ.

ಆಮೇಲೆ ಅವಳು ಅರ್ಜಿ ತೆಗೆದಳು. ತೆಗೆದು ಕೇಳಿದಳು.

“ಯಜಮಾನರೇ, ಅಮ್ಮ ನಿಮಗಿಂತ ಎಷ್ಟು ವರ್ಷ ಚಿಕ್ಕವರು?”

“ಎಂಟು.”

“ಹಾಗಾದರೆ ಇದೊಂದು ಹೇಳಿ. ನಿಮ್ಮಿಬ್ಬರಲ್ಲಿ ಒಬ್ಬರು ಹೋದ ಮೇಲೆ ಉಳಿದವರು ಇಲ್ಲಿಯೇ ಇರಬೇಕೋ, ಬೇರೆ ಕಡೆ ಹೋಗಬೇಕೋ?”

ವ್ಯಾಪಾರಿಯ ಮುಖ ಗಂಟಾಯಿತು. “ಬಿಡ್ತು ಅನ್ನಮ್ಮ. ಶುಕ್ರವಾರ ಮನೆ ನೋಡಲು ಬಂದವರ ಹತ್ತಿರ ಆಡುವ ಮಾತಾ ಇದು?”

“ಬಿಡ್ತು” ಎಂದಳು ಅವಳು. ತುಸು ಹೊತ್ತು ಬಿಟ್ಟು, “ಬಿಡ್ತು ಅಂದೆ ಯಜಮಾನರೇ. ಈಗ ಹೇಳಿ” ಎಂದಳು.

ವ್ಯಾಪಾರಿ ಎದ್ದುಬಿಟ್ಟ. ಅವಳು ಹೆಂಡತಿಯ ಕಡೆ ತಿರುಗಿ, “ಅಮ್ಮಾ, ನೀವಾದರೂ ಹೇಳಿ” ಎಂದಳು. ಹೆಂಡತಿ ಗಂಡನನ್ನು ನೋಡಿದಳು. ಅವನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. “ಅವರು ಹೇಗೆ ಹೇಳಿದರೆ ಹಾಗೆ” ಎಂದು ಅವಳೂ ಹಿಂದೆ ಹೊರಟಳು. ಮತ್ತೆ ಆ ದಲ್ಲಾಳಿಯ ಫೋನನ್ನು ವ್ಯಾಪಾರಿ ಎತ್ತಲಿಲ್ಲ.

ಎರಡನೆಯ ದಲ್ಲಾಳಿ ಗಂಡಸು. ಬಂದವನೇ ವ್ಯಾಪಾರಿಯ ಕಾಲು ಮುಟ್ಟಿದ. ಅವನನ್ನು ಅಣ್ಣ ಎಂದ, ಅವನ ಹೆಂಡತಿಯನ್ನು ಅತ್ತಿಗೆ ಎಂದ. ವ್ಯಾಪಾರಿ ಮೊದಲ ದಿನವೇ ತನ್ನ ಹೊಟ್ಟೆಯೊಳಗಿನ ಸಿಟ್ಟನ್ನೆಲ್ಲ ಅವನ ಮುಂದೆ ಹೇಳಿಕೊಂಡ. ಹೀಗೆ ಹೀಗೆ ಒಬ್ಬ ಹೆಂಗಸು, ಹೀಗೆ ಹೀಗೆ ಅಪಶಕುನದ ಮಾತು, ಅದಕ್ಕೇ ಅವಳನ್ನು ಬಿಟ್ಟೆ ಎಂದ. ದಲ್ಲಾಳಿ ಕಿವಿ ಮುಚ್ಚಿಕೊಂಡು, “ಛೆ ಛೆ, ಎಂಥ ಜನ ಇರುತ್ತಾರೆ ಅಣ್ಣ. ನೀವಿಬ್ಬರೂ ನೂರು ವರ್ಷ ಇಲ್ಲಿ ಜೋಡಿಯಾಗಿ ಓಡಾಡುವುದನ್ನು ನಾನು ನೋಡಬೇಕು” ಎಂದ.

ಅದೇ ಬಡಾವಣೆ. ಅದೇ ಸಾಲಿನ ಮನೆ. ಅರ್ಜಿಯೂ ಅದೇ.

ಈಗ ಆ ಬಡಾವಣೆಯ ನಿಯಮ ಹೇಳುತ್ತೇನೆ, ಗಮನವಿಟ್ಟು ಕೇಳು. ಅಲ್ಲಿ ಮನೆ ಕೊಳ್ಳುವುದು ಎಂದರೆ ಬದುಕಿರುವ ತನಕ ಅಲ್ಲಿ ಇರುವ ಹಕ್ಕನ್ನು ಕೊಳ್ಳುವುದು. ಆ ಹಕ್ಕು ಕಾಗದದಲ್ಲಿ ಹೆಸರು ಇದ್ದವರಿಗೆ ಮಾತ್ರ. ಹೆಸರು ಇರುವವರು ತೀರಿಕೊಂಡರೆ ಮನೆ ಬಡಾವಣೆಗೆ ವಾಪಸು, ಕಟ್ಟಿದ ಹಣ ವಾರಸುದಾರರಿಗೆ ವಾಪಸು. ಅರ್ಜಿಯಲ್ಲಿ ಎರಡನೆಯ ಹೆಸರಿಗೆ ಒಂದು ಜಾಗ ಬಿಟ್ಟಿರುತ್ತಾರೆ. ಇಬ್ಬರ ಹೆಸರನ್ನೂ ಬರೆಸಬಹುದು. ಆದರೆ ಕೊಳ್ಳುವ ದಿನವೇ ಬರೆಸಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಮೊದಲಿನ ಹೆಂಗಸು ಆ ಪ್ರಶ್ನೆ ಕೇಳಿದ್ದು ಈ ಜಾಗ ತುಂಬಬೇಕೋ ಬೇಡವೋ ಎಂದು ತಿಳಿಯಲು. ಶಾಪ ಹಾಕಲು ಅಲ್ಲ.

ಎರಡನೆಯವನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಎರಡನೆಯ ಹೆಸರು ಯಾಕೆ ಬೇಕು ಎಂದು ವ್ಯಾಪಾರಿ ಕೇಳಿದರೆ ಏನು ಹೇಳಬೇಕು? ಅದೇ ಮಾತು ಹೇಳಬೇಕು. ಅವನು ಪೆನ್ನು ತೆಗೆದು ಆ ಖಾಲಿ ಜಾಗದ ಮೇಲೆ ನೀಟಾಗಿ ಒಂದು ಗೆರೆ ಎಳೆದ.

ಇಲ್ಲಿ ಪಂಚಾಕ್ಷರಯ್ಯನಿಗೆ ತಡೆಯಲಾಗಲಿಲ್ಲ. “ಅಷ್ಟು ಜಾಣ ವ್ಯಾಪಾರಿ, ಕಾಗದ ಓದದೆ ಸಹಿ ಹಾಕಿದನೇ?”

“ಬಾಯಿ ಹಾಕಬೇಡ ಎಂದೆ” ಎಂದರು ಗುರುಗಳು. “ಓದಿದ. ಒಂದೊಂದೇ ಸಾಲು, ಕನ್ನಡಕ ಹಾಕಿಕೊಂಡು ಓದಿದ. ನೀರು, ಕರೆಂಟು, ಊಟ, ಡಾಕ್ಟರ್ ಬರುವ ದಿನ, ಎಲ್ಲ ಓದಿದ. ಒಂದು ಪುಟದ ಮೇಲೆ ‘ನಿವಾಸಿಯ ಮರಣದ ನಂತರ’ ಎಂದು ತಲೆಬರಹ ಇತ್ತು. ಒಳ್ಳೆಯ ದಿನ ನೋಡಿ ಸಹಿ ಹಾಕಲು ಕುಳಿತಿದ್ದೇನೆ, ಇದನ್ನು ಇವತ್ತು ಓದುವುದು ಬೇಡ ಎಂದು ಆ ಪುಟ ಮಗುಚಿದ. ಇನ್ನೊಂದು ದಿನ ಓದೋಣ ಎಂದುಕೊಂಡ. ಆ ದಿನವೂ ಯಾವುದೋ ಹಬ್ಬ ಇತ್ತೋ ಏನೋ, ಓದಲಿಲ್ಲ.”

ಇಬ್ಬರೂ ಹೋಗಿ ಸೇರಿದರು. ಹಾಲು ಉಕ್ಕಿಸಿದರು. ವ್ಯಾಪಾರಿ ಬೆಳಿಗ್ಗೆ ನಾಲ್ಕು ಸುತ್ತು ನಡೆಯುವುದು, ಪೇಪರ್ ಓದುವುದು, ಊಟದ ಮನೆಯ ಪಾತ್ರೆಗಳನ್ನು ತಟ್ಟಿ ದೋಷ ಹೇಳುವುದು, ಹೀಗೆ ಕಾಲ ಕಳೆದ.

ಹೆಂಡತಿಯ ವಿಷಯ ಬೇರೆ. ಮದುವೆಯಾದ ದಿನದಿಂದ ಅವಳು ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು. ಇಲ್ಲಿ ಅವಳು ಕುಳಿತಳು, ಬೇರೆಯವರು ಬಡಿಸಿದರು. ಮೊದಲ ವಾರ ಅವಳಿಗೆ ಕೈಕಾಲು ಆಡಲಿಲ್ಲ, ಎದ್ದೆದ್ದು ಸಾರಿನ ಸೌಟು ಹಿಡಿಯಲು ಹೋಗುತ್ತಿದ್ದಳು. ಆಮೇಲೆ ರೂಢಿಯಾಯಿತು. ಎದುರು ಮನೆಯಲ್ಲಿ ಒಬ್ಬ ಗೆಳತಿ ಸಿಕ್ಕಳು. ಇಬ್ಬರೂ ಮಧ್ಯಾಹ್ನ ಚೌಕಾಬಾರ ಆಡುತ್ತಿದ್ದರು, ಆಟದಲ್ಲಿ ಮೋಸ ಮಾಡಿ ಜಗಳ ಆಡುತ್ತಿದ್ದರು, ಮತ್ತೆ ಸಂಜೆ ಒಟ್ಟಿಗೇ ನಡೆಯಲು ಹೋಗುತ್ತಿದ್ದರು. “ನನಗೆ ಇಂಥ ಕಾಲ ಬರುತ್ತದೆ ಅಂತ ಅಂದುಕೊಂಡೇ ಇರಲಿಲ್ಲ” ಎಂದು ಅವಳು ಗಂಡನಿಗೆ ಹೇಳಿದಳು. ಅವನಿಗೂ ಸಂತೋಷವಾಯಿತು. ಹೀಗೆ ಎರಡು ವರ್ಷ ಇದ್ದರು.

ಮೂರನೆಯ ವರ್ಷ ವ್ಯಾಪಾರಿ ಎದೆನೋವು ಬಂದು ತೀರಿಕೊಂಡ.

ಹದಿಮೂರನೆಯ ದಿನ ಕಳೆಯಿತು. ಬಡಾವಣೆಯ ಕಚೇರಿಯವನು ಬಂದ. ಕೆಟ್ಟವನಲ್ಲ, ಬಾಗಿಲಲ್ಲಿ ನಿಂತು ಕೈಕಟ್ಟಿಕೊಂಡೇ ಮಾತಾಡಿದ. “ಅಮ್ಮಾ, ಕಾಗದದಲ್ಲಿ ನಿಮ್ಮ ಹೆಸರಿಲ್ಲ. ಆರು ತಿಂಗಳು ಕಾಲಾವಕಾಶ ಇದೆ. ಹಣ ಪೂರ್ತಿ ನಿಮಗೆ ಬರುತ್ತದೆ” ಎಂದ. ಅದೇ ಹಣಕ್ಕೆ ಅಲ್ಲೇ ಬೇರೆ ಮನೆ ಸಿಗುತ್ತದೆಯೇ ಎಂದು ಅವಳು ಕೇಳಿದಳು. ಖಾಲಿ ಮನೆ ಇಲ್ಲ, ಹೆಸರು ಬರೆಸಿ ಕಾಯುತ್ತಿರುವವರು ನಲವತ್ತು ಜನ ಇದ್ದಾರೆ ಎಂದ.

ಅವಳು ಆಟೋ ಮಾಡಿಕೊಂಡು ಆ ಎರಡನೆಯ ದಲ್ಲಾಳಿಯ ಹತ್ತಿರ ಹೋದಳು. ಒಬ್ಬಳೇ ಹೋದಳು. ಅವಳು ಜೀವನದಲ್ಲಿ ಒಬ್ಬರ ಮೇಲೆ ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. “ಅತ್ತಿಗೆ ಅತ್ತಿಗೆ ಎಂದು ಕರೆದೆಯಲ್ಲಪ್ಪ. ನನ್ನ ಹೆಸರು ಬರೆಸಿ ಎಂದು ಒಂದು ಮಾತು ಹೇಳಲು ನಿನಗೆ ಏನಾಗಿತ್ತು?”

ದಲ್ಲಾಳಿ ತಲೆ ತಗ್ಗಿಸಿದ. “ಅತ್ತಿಗೆ, ಆ ಮಾತು ಎತ್ತಿದವಳನ್ನು ಬಿಟ್ಟು ನಿನ್ನ ಹತ್ತಿರ ಬಂದೆ ಎಂದು ಅಣ್ಣ ಮೊದಲ ದಿನವೇ ಹೇಳಿದರು. ಮತ್ತೆ ನಾನು ಹೇಗೆ ಎತ್ತಲಿ?”

ಅವಳು ಎದ್ದು ಬಂದಳು.

ಆರು ತಿಂಗಳಿಗೆ ಮನೆ ಬಿಟ್ಟಳು. ಎದುರು ಮನೆಯ ಗೆಳತಿ ಗೇಟಿನ ತನಕ ಬಂದಳು, ಇಬ್ಬರೂ ಅತ್ತರು. ಅವಳೀಗ ಮಗಳ ಮನೆಯಲ್ಲಿದ್ದಾಳೆ. ಮಗಳು ಒಳ್ಳೆಯವಳು, ಅಳಿಯನೂ ಒಳ್ಳೆಯವನು. ಒಂದು ಕೋಣೆ ಕೊಟ್ಟಿದ್ದಾರೆ. ಊಟ, ಔಷಧಿ, ಯಾವುದಕ್ಕೂ ಕೊರತೆ ಮಾಡಿಲ್ಲ. ಆದರೆ ಅವಳು ಎಲ್ಲಿರಬೇಕು ಎಂದು ಅವಳನ್ನು ಕೇಳಿದ್ದು ಆ ದಲ್ಲಾಳಿ ಹೆಂಗಸು ಒಬ್ಬಳೇ. ಅದಕ್ಕೆ ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು, ಹೇಳಲಿಲ್ಲ. ಆ ವ್ಯಾಪಾರಿಯ ಮೇಲೆ ನನಗೆ ಇವತ್ತಿಗೂ ಕೋಪ ಇದೆ. ಹೆಂಡತಿಯ ಮೇಲೆ ಪ್ರೀತಿ ಇಲ್ಲದವನಾಗಿದ್ದರೆ ಇಷ್ಟು ಕೋಪ ಬರುತ್ತಿರಲಿಲ್ಲ. ಪ್ರೀತಿ ಇತ್ತು.

ಗುರುಗಳು ನಿಲ್ಲಿಸಿದರು. ನೀರು ಕುಡಿದರು.

 ಪಂಚಾಕ್ಷರಯ್ಯನ ಮುಖ ಅರಳಿತು.

“ತಿಳಿಯಿತು ಗುರುಗಳೇ. ಸಿಹಿ ಮಾತಿನವನನ್ನು ದೂರ ಇಡಬೇಕು. ಆ ನರ್ಸ್ ಹೆಂಗಸಿನಂಥ ದಲ್ಲಾಳಿಯನ್ನು ಹುಡುಕಬೇಕು. ನಾಳೆಯಿಂದಲೇ ಐವರನ್ನೂ ಪರೀಕ್ಷೆ ಮಾಡುತ್ತೇನೆ. ನಮ್ಮಿಬ್ಬರಲ್ಲಿ ಒಬ್ಬರು ಹೋದರೆ ಏನು ಮಾಡಬೇಕು ಎಂದು ಯಾರು ತಾವಾಗಿಯೇ ಕೇಳುತ್ತಾರೋ ಅವರೇ ನನ್ನ ದಲ್ಲಾಳಿ.”

“ಮಾಡು, ಬೇಡ ಎಂದವರು ಯಾರು” ಎಂದರು ಗುರುಗಳು. “ಅಲ್ಲಿ ಇರುವವರ ಜೊತೆ ನಿನ್ನನ್ನು ಒಂಟಿಯಾಗಿ ಮಾತಾಡಲು ಬಿಡುತ್ತಾರೋ ನೋಡು. ಬಿಟ್ಟುಹೋದವರು ಯಾಕೆ ಬಿಟ್ಟುಹೋದರು ಎಂದು ಕೇಳು. ಕಾಗದದಲ್ಲಿ ಯಾವ ಪುಟವನ್ನು ಬೇಗ ಮಗುಚುತ್ತಾರೋ ಆ ಪುಟದ ಮೇಲೆ ಬೆರಳಿಡು. ಐವರಲ್ಲಿ ಒಬ್ಬರಾದರೂ ಸಿಗುತ್ತಾರೆ.”

ಪಂಚಾಕ್ಷರಯ್ಯ ಸಂತೋಷದಿಂದ ಕೈಮುಗಿದು ಎದ್ದ. ಶಲ್ಯ ಹೆಗಲಿಗೆ ಹಾಕಿಕೊಂಡ. ಬಾಗಿಲ ತನಕ ಹೋದ.

“ಪಂಚಾಕ್ಷರಿ” ಎಂದು ಗುರುಗಳು ಕರೆದರು.

ಅವನು ತಿರುಗಿ ನಿಂತ.

“ದಲ್ಲಾಳಿ ಕೇಳಲಿ ಎಂದು ಕಾಯುತ್ತಿದ್ದೀಯಲ್ಲ, ಆ ಪ್ರಶ್ನೆಯನ್ನು ನಿನ್ನ ಹೆಂಡತಿಯ ಹತ್ತಿರ ನೀನು ಕೇಳಿದ್ದೀಯಾ?”