ಕಾವು ನೋಡುವ ಕಾಳು

ಕಾವು ನೋಡುವ ಆ ಪುಟ್ಟ ಕಾಳಿಗೆ ಏನೋ ಹೆಸರಿದೆ, ಥರ್ಮಿ... ಹಾಂ, ಥರ್ಮಿಸ್ಟರ್. ಹಾಡಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ಅದು, ದುಡಿದು ಬಿಸಿಯಾಗುವ ಟ್ರಾನ್ಸಿಸ್ಟರ್ ಎಂಬ ಬಿಡಿಭಾಗದ ಬೆನ್ನಿಗೆ ಅಂಟಿ ಕೂತು, ಕಾವು ಏರಿದಾಗಲೆಲ್ಲ ರೆಗ್ಯುಲೇಟರಿಗೆ ಹೇಳುತ್ತಿತ್ತು. ರೆಗ್ಯುಲೇಟರ್ ಕೂಡಲೇ ಫ್ಯಾನಿನ ವೇಗ ಹೆಚ್ಚಿಸುತ್ತಿತ್ತು.

“ಏನಯ್ಯಾ ಚಾಡಿಕೋರ, ನಿನ್ನಿಂದ ನನಗೆ ಒಂದು ಗಳಿಗೆ ಬಿಡುವಿಲ್ಲ,” ಎಂದು ಫ್ಯಾನ್ ಹಂಗಿಸಿತು.

ಥರ್ಮಿಸ್ಟರಿಗೆ ಅವಮಾನವಾಯಿತು. ಮೆಲ್ಲಗೆ ದೂರ ಸರಿದು, “ಇಲ್ಲಿ ತಂಪಾಗಿದೆ,” ಎಂದಿತು. ಸುಳ್ಳೇನಲ್ಲ, ತಾನು ಕೂತಲ್ಲಿ ತಂಪೇ ಇತ್ತು. ಫ್ಯಾನ್ ನಿಧಾನವಾಯಿತು.

“ಅಣ್ಣಾ, ಬೇಯುತ್ತಿದ್ದೇನೆ, ಹೇಳೋ!” ಎಂದು ಟ್ರಾನ್ಸಿಸ್ಟರ್ ಕೂಗಿತು. ಥರ್ಮಿಸ್ಟರ್ ಫ್ಯಾನಿನ ಮುಖ ನೋಡಿ ಸುಮ್ಮನಾಯಿತು. ಟ್ರಾನ್ಸಿಸ್ಟರ್ ಸುಟ್ಟು ಹಾಡು ನಿಂತಿತು.

ಬಹಳ ಹೊತ್ತಾದ ಮೇಲೆ ಥರ್ಮಿಸ್ಟರ್ ಮರಳಿ ಬಂದು ಟ್ರಾನ್ಸಿಸ್ಟರನ್ನು ಮುಟ್ಟಿತು.

“ಏನು ಸುದ್ದಿ?” ಎಂದಿತು ರೆಗ್ಯುಲೇಟರ್.

“ತಣ್ಣಗಾಗಿದೆ,” ಎಂದಿತು ಅದು, ತಲೆ ಎತ್ತದೆ.

ಈ ಕತೆಯನ್ನು ನಿನ್ನಜ್ಜಿ ನಾನು ಹೇಳಿದ ಹಾಗೇ ಬರಿ ಪುಟ್ಟೀ. ತಲೆ ಎತ್ತಲಿಲ್ಲ ಅನ್ನೋದನ್ನು ಬಿಡಬೇಡ.