ನಾಯಿ ಕುಳಿತ ತಿರುವು

"ಗುರುಗಳೇ, ನಾಯಿಯ ಹಗ್ಗವನ್ನು ಎಷ್ಟು ಉದ್ದ ಬಿಡಬೇಕು?" ಎಂದು ಶಿಷ್ಯ ಕೇಳಿದ.

ಆಶ್ರಮದ ನಾಯಿಯನ್ನು ಸಂಜೆ ತಿರುಗಾಡಿಸಿ ತರುವ ಕೆಲಸ ಅವನದಾಗಿತ್ತು. ಉದ್ದ ಬಿಟ್ಟರೆ ಬಂಡಿಯ ಚಕ್ರಕ್ಕೆ ಸಿಗುವ ಭಯ, ಗಿಡ್ಡ ಹಿಡಿದರೆ ದಾರಿಯುದ್ದಕ್ಕೂ ಜಗ್ಗಾಟ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗಿದೆ ನನ್ನ ಪಾಡು ಎಂದು ದೂರಿದ. ಗುರುಗಳು ನಕ್ಕು ಈ ಕತೆ ಹೇಳಿದರು.

ಹಿಂದೆ ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಹೊಲಿಗೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆಳಗ್ಗೆ ಬಗ್ಗಿಸಿದ ತಲೆಯನ್ನು ಊಟಕ್ಕೊಮ್ಮೆ, ದೀಪ ಹಚ್ಚುವಾಗ ಒಮ್ಮೆ ಎತ್ತಿದರೆ ಹೆಚ್ಚು. ಒಳ್ಳೆಯವನೇ. ಆದರೆ ಸೂಜಿಯ ಕಣ್ಣಿನಾಚೆಗೂ ಲೋಕವಿದೆಯೆಂಬುದು ಅವನಿಗೆ ಮರೆತೇ ಹೋಗಿತ್ತು. ಮನೆಯಲ್ಲಿ ಹೆಂಡತಿಯಿದ್ದಳು, ಒಂದು ಕಂದು ನಾಯಿಯಿತ್ತು. ನಾಯಿಯನ್ನು ತಿರುಗಾಡಿಸುವುದು ಹೆಂಡತಿಯ ಕೆಲಸ. ಉಳಿದ ಬಟ್ಟೆಯ ತುಂಡುಗಳನ್ನು ಮಡಿಸಿ ಅವಳೇ ಅದಕ್ಕೊಂದು ಮೆತ್ತನೆಯ ಕೊರಳಪಟ್ಟಿ ಹೊಲಿದಿದ್ದಳು. ಬಿಸಿಲು ಇಳಿದು ನೆಲ ತಣ್ಣಗಾದ ಮೇಲೆ ಅವಳೂ ನಾಯಿಯೂ ಹೊರಡುತ್ತಿದ್ದರು. ತಿರುಗಿ ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಕೆರೆಗೆ ಹೊಸ ಹಕ್ಕಿ ಬಂದದ್ದನ್ನೋ ಯಾರದೋ ಮನೆಯ ಹಸು ಕರು ಹಾಕಿದ್ದನ್ನೋ ಅವಳು ಹೇಳುತ್ತಿದ್ದಳು. ಬಾಯಲ್ಲಿ ದಾರ ಕಚ್ಚಿಕೊಂಡೇ ದರ್ಜಿ "ಹೂಂ" ಎನ್ನುತ್ತಿದ್ದ.

ಒಂದು ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಮನೆಯಲ್ಲಿ ಇದ್ದ ಮಾತೆಲ್ಲ ಅವಳದೇ ಎಂಬುದು ದರ್ಜಿಗೆ ಆಗ ಗೊತ್ತಾಯಿತು. ಆ ಸಂಜೆಗಳು ಎಷ್ಟು ಚೆನ್ನಾಗಿದ್ದವು ಎಂದು ಹಗಲೆಲ್ಲ ನೆನೆಯುತ್ತಿದ್ದ. ನೆನೆಯಲು ಕುಳಿತರೆ ಅವಳ ದನಿ ಬರುತ್ತಿತ್ತು, ಹೇಳಿದ ಸುದ್ದಿ ಒಂದೂ ಬರುತ್ತಿರಲಿಲ್ಲ. ಕಿವಿಗೊಟ್ಟು ಕೇಳಿದ್ದರೆ ತಾನೆ ನೆನಪಿರುವುದು!

ಉಳಿದದ್ದು ನಾಯಿ. ಅದನ್ನು ದರ್ಜಿ ಹೊಲಿಗೆ ಹಾಕಿದಂತೆಯೇ ನಡೆಸಿದ. ಊಟಕ್ಕೆ ಏಳುವ ಮಧ್ಯಾಹ್ನವೇ ಹೊರಡುವುದು, ಹಗ್ಗವನ್ನು ಮುಂಗೈಗೆ ಸುತ್ತಿ ಗಿಡ್ಡ ಹಿಡಿಯುವುದು, ಊರಬಾಗಿಲವರೆಗೆ ನೇರ ಹೋಗಿ ನೇರ ಬರುವುದು. ಕಾದ ಚಪ್ಪಡಿಗಳ ಮೇಲೆ ನಾಯಿ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಚಪ್ಪಲಿ ಮೆಟ್ಟಿದವನಿಗೆ ಅದು ಬರೀ ಹಟವಾಗಿ ಕಂಡಿತು. ಮೂಸಲು ನಿಂತರೆ ಜಗ್ಗುತ್ತಿದ್ದ. ಹುಣಸೆ ಮರದ ತಿರುವಿನಲ್ಲಂತೂ ನಾಯಿ ಕುಳಿತೇ ಬಿಡುತ್ತಿತ್ತು. ನಾಯಿ ಬಾಲ ಎಂದಿದ್ದರೂ ಡೊಂಕೇ ಎಂದು ಬೈದು ಎಳೆದೊಯ್ಯುತ್ತಿದ್ದ. ಒಮ್ಮೆ ಹಾಗೆ ಎಳೆದಾಗ ಪಟ್ಟಿ ಕಳಚಿ, ನಾಯಿ ಬೀದಿಯ ನಡುವೆ ಹಾರಿತು. ಎದುರಿಗೆ ಬಂಡಿ. ಬಂಡಿಯವನು ಎತ್ತುಗಳನ್ನು ಜಗ್ಗಿ ನಿಲ್ಲಿಸದಿದ್ದರೆ ಅಂದೇ ಅದರ ಕತೆ ಮುಗಿಯುತ್ತಿತ್ತು.

ದರ್ಜಿ ಓಡಿಹೋಗಿ ನಾಯಿಯನ್ನು ಎತ್ತಿಕೊಂಡ. ಮನೆಯಲ್ಲಿ ಹೆಂಡತಿಯನ್ನು ಬಲ್ಲ ಜೀವವೆಂದರೆ ಇನ್ನು ಅದೊಂದೇ. ತನ್ನ ಕೈಯಲ್ಲಿ ಅದು ಸಾಯುವುದಕ್ಕಿಂತ ಬೇರೆಯವರ ಬಳಿ ಬದುಕಲಿ ಎಂದು ಒಬ್ಬ ಕುರಿಗಾಹಿಗೆ ಹೇಳಿದ. ನಾಳೆ ಬೆಳಗ್ಗೆ ಬಂದು ಕರೆದೊಯ್ಯುತ್ತೇನೆ ಎಂದು ಕುರಿಗಾಹಿ ಒಪ್ಪಿದ.

ಅಂದು ಸಂಜೆ ದರ್ಜಿ ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ನಾಳೆ ಹೋಗುವ ಜೀವ, ಇವತ್ತೊಂದು ದಿನ ಅದರ ಮನಸ್ಸಿನಂತೆ ಆಗಲಿ ಎಂದುಕೊಂಡು ಮುಂಗೈಯ ಸುತ್ತು ಬಿಚ್ಚಿದ. ನಾಯಿ ಒಮ್ಮೆ ತಿರುಗಿ ನೋಡಿತು. ಆಮೇಲೆ ಬೀದಿಯ ಅಂಚು ಹಿಡಿದು ನಿಧಾನವಾಗಿ ನಡೆಯಿತು. ಕಲ್ಲು ಮೂಸಿತು, ಬೇಲಿ ಮೂಸಿತು. ಅದು ನಿಂತಲ್ಲಿ ದರ್ಜಿಯೂ ನಿಂತ. ಬಂಡಿಯ ಸದ್ದು ಕೇಳಿದರೆ ಹತ್ತಿರ ಕರೆದುಕೊಂಡ, ಬಂಡಿ ಹೋದ ಮೇಲೆ ಬಿಟ್ಟ. ಬೇರೆ ಕೆಲಸವಿಲ್ಲದೆ ಊರು ನೋಡಿದ. ಅವನಿಗೆ ಹಿತವೆನಿಸಿತು.

ಹುಣಸೆ ಮರದ ತಿರುವು ಬಂತು. ನಾಯಿ ಕುಳಿತಿತು. ಮರದಡಿ ಒಬ್ಬ ಮುದುಕಿ ಮಂಡಕ್ಕಿ ಹುರಿಯುತ್ತಿದ್ದಳು.

"ಇವತ್ತು ಎಳೀಲಿಲ್ವಲ್ಲಪ್ಪಾ," ಎಂದಳು.

"ಇದು ದಿನಾ ಇಲ್ಲೇ ಯಾಕೆ ಕೂರುತ್ತೆ ಅಜ್ಜಿ?"

"ನಿನ್ನ ಹೆಂಡ್ತಿ ದಿನಾ ಇಲ್ಲೇ ನಿಲ್ತಿದ್ಲಲ್ಲಪ್ಪ. ಇಲ್ಲಿಂದ ನಿನ್ನ ಅಂಗಡಿ ಕಾಣುತ್ತೆ. ಇವತ್ತಾದ್ರೂ ತಲೆ ಎತ್ತಿ ನೋಡ್ತಾರೇನೋ ಇರಜ್ಜಿ, ಅಂತ ನಗ್ತಿದ್ಲು. ಸ್ವಲ್ಪ ಹೊತ್ತು ನೋಡಿ ಹೋಗ್ತಿದ್ಲು."

ದರ್ಜಿ ತಿರುಗಿ ನೋಡಿದ. ಅಂಗಡಿ ಕಾಣುತ್ತಿತ್ತು. ತಾನು ಕೂರುವ ಚಾಪೆ, ಅದರ ಮೇಲೆ ಅರ್ಧ ಹೊಲಿದ ಬಟ್ಟೆ, ಎಲ್ಲವೂ ಕಾಣುತ್ತಿತ್ತು. ಕೂಗಿದರೆ ಕೇಳಿಸುವಷ್ಟೇ ದೂರ. ಅವಳು ಒಂದು ದಿನವೂ ಕೂಗಿರಲಿಲ್ಲ. ದರ್ಜಿ ನಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತ.

ಮರುದಿನ ಬೆಳಗ್ಗೆ ಕುರಿಗಾಹಿ ಬಂದ. ಬಾಗಿಲಿಗೆ ಬೀಗ ಹಾಕಿತ್ತು. ನೆಲ ಕಾಯುವ ಮೊದಲೇ ದರ್ಜಿಯೂ ನಾಯಿಯೂ ಕೆರೆಯ ಕಡೆ ಹೊರಟುಹೋಗಿದ್ದರು.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು. "ಕತೆ ಕೇಳಿದೆ ಗುರುಗಳೇ. ಆದರೆ ಹಗ್ಗ ಎಷ್ಟು ಉದ್ದ ಇರಬೇಕೆಂದು ತಾವು ಹೇಳಲೇ ಇಲ್ಲ," ಎಂದ ಶಿಷ್ಯ.

"ಒಬ್ಬರು ನಿಂತದ್ದು ಇನ್ನೊಬ್ಬರಿಗೆ ತಿಳಿಯುವಷ್ಟು," ಎಂದರು ಗುರುಗಳು.