ಬಂಡೆಗೆ ಅಂಟಿದ ಸ್ಪಂಜು

"ನೀವು ಹೊರಟರೆ ಈ ಮಠದಲ್ಲಿ ನಾನೊಬ್ಬನೇ. ಗದ್ದುಗೆಯ ಪೂಜೆ ಬಿಟ್ಟು ನಿಮ್ಮ ಹಿಂದೆ ಬರುವಂತಿಲ್ಲ. ಒಂದೇ ಕಡೆ ಕೂತು, ಯಾರೂ ಇಲ್ಲದೆ ಬದುಕುವುದು ಹೇಗೆ ಗುರುಗಳೇ? ಇನ್ನೊಂದು ತಿಂಗಳಾದರೂ ಇರಿ" ಎಂದು ಶಿಷ್ಯ ಮರುಳಯ್ಯ ಕೇಳಿದ.

"ಹೋದ ತಿಂಗಳೂ ಇದನ್ನೇ ಅಂದೆಯಲ್ಲೋ ಮಾರಾಯ" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಕಡಲತಡಿಯಲ್ಲಿ ಒಬ್ಬ ಮುಳುಗುಗಾರನಿದ್ದ. ಉಸಿರು ಬಿಗಿಹಿಡಿದು ತಳಕ್ಕಿಳಿದು ಬಂಡೆಯ ಚಿಪ್ಪು ಕಿತ್ತು ತರುವುದು ಅವನ ಕಸುಬು. ಒಂದು ದಿನ ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಅವನ ಎರಡೂ ಕಾಲು ಹೋದವು. ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅಂದಿನಿಂದ ಅವನು ಜಗಲಿ ಬಿಟ್ಟು ಕದಲಲಿಲ್ಲ.

ಮೊದಮೊದಲು ಕೇರಿಯವರೆಲ್ಲ ಬಂದರು. ಒಬ್ಬಳು ಗಂಜಿ ತಂದಳು, ಒಬ್ಬ ಎಲೆಯಡಿಕೆ ತಂದ. ಆದರೆ ಬಂದವರನ್ನು ಅವನು ಬಿಡಬೇಕಲ್ಲ! ಎದ್ದವರ ಬಟ್ಟೆ ಹಿಡಿದು ಕೂರಿಸುತ್ತಿದ್ದ. 'ಇಷ್ಟು ಬೇಗ ಹೊರಟಿರಾ? ನಾನು ಸತ್ತರೂ ನಿಮಗೇನು' ಎಂದು ಗೋಳಾಡುತ್ತಿದ್ದ. ಗಂಜಿ ತಂದವಳ ಮನೆಯಲ್ಲಿ ಒಲೆಯ ಮೇಲಿನ ಸಾರು ಸೀದುಹೋಯಿತು. ಎಲೆಯಡಿಕೆ ತಂದವನು ಹೊರಡುವಷ್ಟರಲ್ಲಿ ಉಬ್ಬರ ಇಳಿದು ದೋಣಿ ಮರಳಲ್ಲಿ ಕೂತಿತು. ಅತಿಯಾದರೆ ಅಮೃತವೂ ವಿಷ. ಪಾಪ, ಅವರಾದರೂ ಏನು ಮಾಡಿಯಾರು? ಒಬ್ಬೊಬ್ಬರಾಗಿ ಆ ದಾರಿ ಬಿಟ್ಟು ಸುತ್ತಿ ಹೋಗತೊಡಗಿದರು.

ಅವನ ಜೊತೆಗೇ ಮುಳುಗುತ್ತಿದ್ದ ಬೊಮ್ಮಯ್ಯ ಎಂಬುವನು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಒಂದು ಸಂಜೆ ಅವನೂ ಎದ್ದು ನಿಂತಾಗ ಮುಳುಗುಗಾರ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ.

'ಹೋಗಬೇಡವೋ ಬೊಮ್ಮಯ್ಯ. ತಳದ ಬಂಡೆಗೆ ಅಂಟಿ ಬದುಕುವ ಸ್ಪಂಜು ಎಂಬ ಜೀವದ ಗತಿ ಆಯಿತು ನನ್ನದು. ಅದಕ್ಕೂ ಕಾಲಿಲ್ಲ, ನನಗೂ ಇಲ್ಲ.'

ಬೊಮ್ಮಯ್ಯನಿಗೆ ಸಿಟ್ಟೂ ಬಂತು, ದುಃಖವೂ ಬಂತು. 'ಸ್ಪಂಜನ್ನು ನನ್ನಷ್ಟೇ ನೀನೂ ನೋಡಿದವನು. ಮೈಯ ಸಣ್ಣ ತೂತುಗಳಿಂದ ಕಡಲನ್ನು ಒಳಗೆ ಎಳೆದುಕೊಳ್ಳುತ್ತೆ. ತನಗೆ ಬೇಕಾದ ಒಂದು ಚೂರು ಉಳಿಸಿಕೊಂಡು, ನೆತ್ತಿಯ ದೊಡ್ಡ ತೂತಿನಿಂದ ನೀರನ್ನು ಬಿಟ್ಟುಬಿಡುತ್ತೆ. ಬಿಟ್ಟರೆ ತಾನೇ ಹೊಸ ನೀರು ಬರುವುದು? ಬಂದ ನೀರನ್ನೇ ಹಿಡಿದುಕೊಂಡು ಕೂತರೆ ಎರಡೇ ದಿನಕ್ಕೆ ಕೊಳೆತು ಹೋದೀತು. ಕೈ ಬಿಡೋ, ನೋಯ್ತಿದೆ.'

ಮುಳುಗುಗಾರ ಒಂದೊಂದಾಗಿ ಬೆರಳು ಸಡಿಲಿಸಿದ. ಬೊಮ್ಮಯ್ಯ ಹೊರಟುಹೋದ. ಅಷ್ಟು ಉದ್ದದ ಸಂಜೆಯನ್ನು ಮುಳುಗುಗಾರ ಜನ್ಮದಲ್ಲಿ ಕಂಡಿರಲಿಲ್ಲ. ಒಬ್ಬನೇ ಕೂತು ಅತ್ತುಬಿಟ್ಟ.

ಎಷ್ಟೋ ದಿನದ ಮೇಲೆ ಗಂಜಿಯವಳು ಹೆದರುತ್ತಲೇ ಬಂದಳು. ಎರಡು ಮಾತಾಡಿ ಎದ್ದಳು. ಅವನು ತಡೆಯಲಿಲ್ಲ. ಮಾರನೆಯ ದಿನವೂ ಅವಳು ಬಂದಳು.

"ಅಲ್ಲಿಗೆ ಅವನ ಒಂಟಿತನ ತೀರಿತೇ ಗುರುಗಳೇ?" ಎಂದು ಮರುಳಯ್ಯ ಕೇಳಿದ.

"ಎಲ್ಲಿ ತೀರುತ್ತದೆ ಹುಚ್ಚಪ್ಪಾ! ಅವಳು ಅತ್ತ ಹೋದ ಕೂಡಲೇ ಅದು ಇತ್ತ ಬಂದು ಕೂರುತ್ತಿತ್ತು. ಅದರ ಜೊತೆಯಲ್ಲೇ ಅವನು ಬಹಳ ವರ್ಷ ಬದುಕಿದ."

ಗುರುಗಳು ಎದ್ದು ಜೋಳಿಗೆಯನ್ನು ಹೆಗಲಿಗೇರಿಸಿದರು. ಹೊಸ್ತಿಲ ಬಳಿ ನಿಂತು ಶಿಷ್ಯನ ಮುಖ ನೋಡಿದರು.

"ಹೋಗಿ ಬರಲೇನಪ್ಪಾ?"